ಮನೆಯ ಹಿಂಡಿನಲ್ಲಿ ಗೆದ್ದ ನಾಯಿ ಪರರ ಹಿಂಡಿನಲ್ಲಿ ತಪ್ಪುವುದೇಕೆ: ದೋಷ ಹುಡುಕುವ ಬಗೆ

ಮಹಾರಾಷ್ಟ್ರದ ಗಡಿಸೀಮೆಯ ಜತ್ತ, ಮಂಗಳವೇಢೆ, ಅಕ್ಕಲಕೋಟ ಕಡೆ ಕುರಿ ತಿರುಗಿಸುವ ನಾಯಿ ಸಾಕಿರುವ ತರುಣರು ನನ್ನ ಮುಂದೆ ಇಡುವ ದೂರು ಹೆಚ್ಚುಕಡಿಮೆ ಒಂದೇ: "ಮನೆಯ ಕುರಿಗಳ ಮೇಲೆ ಹೇಳಿದ್ದನ್ನೆಲ್ಲ ಮಾಡುತ್ತದೆ ಅಣ್ಣ. ಪರರ ಹಿಂಡಿಗೆ ಬಿಟ್ಟರೆ ಕಲಿತದ್ದೆಲ್ಲ ಮರೆತುಬಿಡುತ್ತದೆ." ಮರೆತಿರುವುದಿಲ್ಲ. ಬಹಳಷ್ಟು ಸಲ ಅದು ಕಲಿತೇ ಇರುವುದಿಲ್ಲ. ಮನೆಯ ಕುರಿಗಳು ಆ ಕೊರತೆಯನ್ನು ಮುಚ್ಚಿಟ್ಟಿರುತ್ತವೆ. ಆ ಕೊರತೆಯನ್ನು ಪಂದ್ಯದ ದಿನಕ್ಕಿಂತ ಮೊದಲೇ ಹೊರಗೆ ತರುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಕುರಿನಾಯಿ ಪಂದ್ಯ ಅಂದರೇನು ಎಂದು ತಿಳಿಯದವರಿಗೆ ಒಂದು ಮಾತು. ವೇಲ್ಸ್ ದೇಶದ ಬಾಲಾ ಎಂಬ ಊರಿನಲ್ಲಿ 1873ರ ಅಕ್ಟೋಬರ್ 9ರಂದು ಇಂಥದ್ದೊಂದು ಪಂದ್ಯ ನಡೆಯಿತು. ಗೆದ್ದದ್ದು ಟ್ವೀಡ್ ಎಂಬ ನಾಯಿ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿತು. ಅಲ್ಲಿನ ಪದ್ಧತಿಯಲ್ಲಿ ಮಾಲೀಕ ಒಂದು ಕಂಬದ ಬಳಿ ನಿಲ್ಲುತ್ತಾನೆ. ನಾಯಿ ದೂರದ ನಾಲ್ಕೈದು ಕುರಿಗಳನ್ನು ದೊಡ್ಡ ಸುತ್ತು ಹಾಕಿ ಹಿಂದಿನಿಂದ ಸೇರಬೇಕು, ಮೆಲ್ಲನೆ ಎಬ್ಬಿಸಬೇಕು, ನೇರ ಗೆರೆಯಲ್ಲಿ ಮಾಲೀಕನ ಬಳಿಗೆ ತರಬೇಕು, ಆಮೇಲೆ ಅವನಿಂದ ದೂರಕ್ಕೆ ಅಟ್ಟಬೇಕು, ಕೆಲವನ್ನು ಗುಂಪಿನಿಂದ ಬೇರ್ಪಡಿಸಬೇಕು, ಕೊನೆಗೆ ದೊಡ್ಡಿಗೆ ಹೊಗಿಸಬೇಕು. ಸಾಮಾನ್ಯವಾಗಿ 100 ಅಂಕ: ಸುತ್ತಿಗೆ 20, ಎಬ್ಬಿಸುವುದಕ್ಕೆ 10, ತರುವುದಕ್ಕೆ 20, ಅಟ್ಟುವುದಕ್ಕೆ 30, ಬೇರ್ಪಡಿಸುವುದಕ್ಕೆ 10, ದೊಡ್ಡಿಗೆ 10. ಹೊಸ ನಾಯಿಗಳಿಗೆ ಬೇರ್ಪಡಿಸುವ ಕೆಲಸವನ್ನು ಬಿಟ್ಟುಬಿಡುವುದೂ ಉಂಟು. ಎದುರಿಗಿರುವ ಕುರಿಗಳನ್ನು ನಾಯಿ ಎಂದೂ ನೋಡಿರುವುದಿಲ್ಲ. ಪರೀಕ್ಷೆಯ ತಿರುಳು ಅದರಲ್ಲೇ ಇದೆ. ನಮ್ಮ ಸೀಮೆಯಲ್ಲಿ ನಾಲ್ಕು ಜನ ಸೇರಿ ಬೀಳು ಹೊಲದಲ್ಲಿ ಕಂಬ ನೆಟ್ಟು ನೋಡಿದರೂ ಸರಿ, ಪಕ್ಕದೂರಿನ ಕಾಕಾ ತಮ್ಮ ಹಿಂಡಿಗೆ ನಾಯಿ ಬಿಡಲು ಒಪ್ಪಿದರೂ ಸರಿ, ಕಷ್ಟ ಇದೇ.

ಮೊದಲ ಪರೀಕ್ಷೆ ಮನೆಯ ಕುರಿಗಳಿಗೆ

ನಮ್ಮಲ್ಲಿ ಕುರಿಗಾಹಿ ಮುಂದೆ ನಡೆಯುತ್ತಾನೆ. ಹಿಂಡು ಅವನ ಕರೆ ಕೇಳಿ ಹಿಂದೆ ಬರುತ್ತದೆ. ಸ್ಕಾಟ್ಲೆಂಡಿನ ಗುಡ್ಡದ ಕುರಿ ಮನುಷ್ಯನನ್ನು ಕಂಡರೆ ಓಡುತ್ತದೆ, ಆದ್ದರಿಂದ ಅಲ್ಲಿ ನಾಯಿಯಿಲ್ಲದೆ ಅದನ್ನು ಕೆಳಗೆ ತರಲಾಗದು. ನಮ್ಮ ಕುರಿ ಹುಟ್ಟಿದಂದಿನಿಂದ ಮನುಷ್ಯನ ಕೈಯ ಸೊಪ್ಪು ತಿಂದು ಬೆಳೆದದ್ದು. ಅಂಥ ಹಿಂಡಿನ ಹಿಂದೆ ಮರಿನಾಯಿಯನ್ನು ಬಿಟ್ಟು "ತಾ" ಅಂದರೆ ಅದು ತಂದೇ ತರುತ್ತದೆ, ಏಕೆಂದರೆ ಕುರಿಗಳು ಹೇಗೂ ನಿಮ್ಮ ಕಡೆಗೇ ಹೊರಟಿರುತ್ತವೆ. ನಾಯಿ ಬರೀ ಜೊತೆಗೆ ನಡೆದಿರುತ್ತದೆ.

ಇದನ್ನು ಕಂಡುಕೊಳ್ಳುವುದು ಸುಲಭ. ನಾಯಿಯನ್ನು ಕಟ್ಟಿಹಾಕಿ. ಐದಾರು ಕುರಿಗಳನ್ನು ಹಿಂಡಿನಿಂದ ಬೇರೆ ಮಾಡಿ ಕೂಳೆ ಹೊಲದಲ್ಲಿ ಬಿಡಿ. ಕೈಯಲ್ಲಿ ಸೊಪ್ಪಾಗಲಿ ಚೀಲವಾಗಲಿ ಇರಬಾರದು. ಬಾಯಿಂದ ಒಂದು ಸದ್ದೂ ಹೊರಡಿಸದೆ ಐವತ್ತು ಹೆಜ್ಜೆ ದೂರ ನಡೆದು ಹೋಗಿ ತಿರುಗಿ ನೋಡಿ. ಕುರಿಗಳು ಹಿಂದೆಯೇ ಬಂದಿದ್ದರೆ ಇಷ್ಟು ದಿನ "ತರುವ" ಕೆಲಸದಲ್ಲಿ ನಾಯಿಯ ಪಾಲು ಎಷ್ಟಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು.

ಎರಡನೆಯ ಹಂತಕ್ಕೆ ನಾಯಿಯನ್ನು ಬಿಚ್ಚಿ. ಈ ಸಲ ಕುರಿಗಳನ್ನು ನಿಮ್ಮಿಂದ ದೂರಕ್ಕೆ ಒಯ್ಯಲು ಹೇಳಿ. ಇಪ್ಪತ್ತು ಹೆಜ್ಜೆ ಒಯ್ದು, ಕುರಿಗಳು ನಿಮ್ಮ ಕಡೆ ತಿರುಗಿದಾಗ ಅಡ್ಡ ನಿಂತು ಮತ್ತೆ ಮುಂದಕ್ಕೆ ತಳ್ಳಿದರೆ ನಾಯಿಗೆ ಕೆಲಸ ಗೊತ್ತಿದೆ. ಕುರಿಗಳು ಅದರ ಪಕ್ಕದಿಂದ ನುಸುಳಿ ನಿಮ್ಮ ಮೊಣಕಾಲಿಗೆ ಬಂದು ಅಂಟಿಕೊಂಡರೆ, ಪರರ ಹಿಂಡಿನಲ್ಲಿ ಕಾಣಿಸಿದ ತಪ್ಪು ಮನೆಯಲ್ಲೇ ಇತ್ತು. ಪಂದ್ಯದಲ್ಲಿ ಅತಿ ಹೆಚ್ಚು ಅಂಕ, 30, ಇರುವುದು ಈ ಅಟ್ಟುವ ಕೆಲಸಕ್ಕೇ. ಪರಿಹಾರ ನಿಧಾನದ್ದು: ನಾಯಿಯ ಪಕ್ಕದಲ್ಲೇ ನೀವೂ ನಡೆಯಿರಿ, ಇಬ್ಬರೂ ಒಟ್ಟಿಗೆ ಕುರಿಗಳ ಹಿಂದೆ, ನಾಯಿಗೆ ಧೈರ್ಯ ಬಂದಂತೆ ನೀವು ಒಂದೊಂದೇ ಹೆಜ್ಜೆ ಹಿಂದೆ ಉಳಿಯಿರಿ. ಬೇಲಿಯ ಗುಂಟ ಶುರು ಮಾಡಿದರೆ ಒಂದು ಬದಿಯ ಚಿಂತೆ ತಪ್ಪುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಹೊಸ ಹಿಂಡಿಗೆ ಹೋದ ದಿನ ನಾಯಿಗೆ ಮೂರು ಸಂಗತಿಗಳು ಒಮ್ಮೆಗೇ ಹೊಸದಾಗಿರುತ್ತವೆ: ಜಾಗ, ಕುರಿ, ಸುತ್ತಲಿನ ಜನ. ಮೂರೂ ಕೂಡಿದಾಗ ತಪ್ಪಿದ ನಾಯಿಯನ್ನು ನೋಡಿ ಯಾವುದರಿಂದ ತಪ್ಪಿತು ಎಂದು ಹೇಳಲು ಯಾರಿಂದಲೂ ಆಗದು. ಬಿಡಿಸಿ ನೋಡಬೇಕು.

ನಿಮ್ಮದೇ ಐದು ಕುರಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ನಾಯಿ ಕಾಣದ ಹೊಲಕ್ಕೆ ಒಯ್ಯಿರಿ. ಇಲ್ಲಿ ಕೆಟ್ಟರೆ ತಪ್ಪು ಜಾಗದ್ದು. ನಾಯಿ ಕುರಿಯನ್ನು ಬಿಟ್ಟು ಹೊಲದ ಗುರುತನ್ನು ಕಲಿತಿದೆ. ಬೇವಿನ ಮರದ ಹತ್ತಿರ ತಿರುಗುವುದು, ಬದುವಿನ ತನಕ ಓಡುವುದು ಎಂದು ಅದರ ತಲೆಯಲ್ಲಿ ಕೂತಿದೆ. ಇನ್ನೊಂದು ದಿನ ಬೇರೆಯವರ ನಾಲ್ಕೈದು ಕುರಿಗಳನ್ನು ನಿಮ್ಮ ಹೊಲಕ್ಕೆ ತರಿಸಿಕೊಳ್ಳಿ. ಇಲ್ಲಿ ಕೆಟ್ಟರೆ ಅದು ಕುರಿಯ ನಡೆಯನ್ನು ಅರಿಯುವುದರಲ್ಲಿನ ಕೊರತೆ. ಮೂರನೆಯದಾಗಿ, ನಿಮ್ಮ ಹೊಲ, ನಿಮ್ಮ ಕುರಿ, ಆದರೆ ಕುರಿಗಳ ಬಳಿ ಅಪರಿಚಿತನೊಬ್ಬ ಕೋಲು ಹಿಡಿದು ನಿಂತಿರಲಿ, ಬದುವಿನ ಮೇಲೆ ಹತ್ತು ಜನ ಮಾತಾಡುತ್ತ ಕೂತಿರಲಿ. ಈ ಮೂರನೆಯದನ್ನು ನಮ್ಮವರು ಮಾಡುವುದೇ ಇಲ್ಲ. ಪಂದ್ಯದಲ್ಲಿ ಮಾತ್ರ ದೂರದ ತುದಿಯಲ್ಲಿ ಕುರಿಗಳನ್ನು ಹಿಡಿದಿಟ್ಟುಕೊಳ್ಳಲು ಒಬ್ಬ ಮನುಷ್ಯ, ಅನೇಕ ಸಲ ಅವನ ನಾಯಿಯೂ, ಇದ್ದೇ ಇರುತ್ತಾರೆ.

ಕುರಿ ಬದಲಾದರೆ ಇಷ್ಟು ವ್ಯತ್ಯಾಸವೇಕೆ? ಕುರಿಗೆ ಮುಖದ ನೆನಪು ಗಟ್ಟಿ. ಕೇಂಬ್ರಿಡ್ಜ್ ಸಮೀಪದ ಬಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುರಿಗಳು 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮೀರಿ ನೆನಪಿಟ್ಟುಕೊಂಡಿದ್ದವು. ನಿಮ್ಮ ಮನೆಯ ಕುರಿಗೆ ನಿಮ್ಮ ನಾಯಿ ಯಾರು, ಅದು ಎಷ್ಟು ಹತ್ತಿರ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಗೊತ್ತು. ನಾಯಿ ತುಸು ತಪ್ಪಿದರೂ ಕುರಿ ಅದನ್ನು ತುಂಬಿಕೊಳ್ಳುತ್ತದೆ. ಹೊಸ ಕುರಿಗೆ ಅದು ಬರೀ ಬಗ್ಗಿ ದಿಟ್ಟಿಸುತ್ತ ಬರುವ ಪ್ರಾಣಿ.

ಎದುರಿಗಿರುವುದು ಎಂಥ ಕುರಿ?

ಈ ಗಡಿಸೀಮೆಯಲ್ಲಿ ನಾಯಿ ತರಬೇತಿಗೆ ಒಂದು ದೊಡ್ಡ ಅನುಕೂಲವಿದೆ: ಹತ್ತಿಪ್ಪತ್ತು ಮೈಲಿಯೊಳಗೆ ಸ್ವಭಾವ ತೀರ ಬೇರೆಯಾದ ಕುರಿಗಳು ಸಿಗುತ್ತವೆ.

ಡೆಕ್ಕನಿ ಕುರಿ, ಕಂಬಳಿಗೆ ಉಣ್ಣೆ ಕೊಡುವ ಕರಿ ಕುರಿ, ಹಿಂಡಾಗಿ ದೂರ ದೂರ ತಿರುಗುವಂಥದ್ದು. ಬೆದರಿದರೆ ಒತ್ತಾಗಿ ಕೂಡಿಕೊಳ್ಳುತ್ತದೆ, ಮುಂದಿನದು ಹೋದಲ್ಲಿಗೆ ಎಲ್ಲವೂ ಹೋಗುತ್ತವೆ. ಹೊಸ ನಾಯಿಗೆ ಇದು ಒಳ್ಳೆಯ ಗುರು, ಆದರೆ ಕಾಲು ಚುರುಕು. ಒಮ್ಮೆ ಓಟ ಕಿತ್ತರೆ ಹಿಡಿಯುವುದು ಕಷ್ಟ. ಜತ್ತ ತಾಲ್ಲೂಕಿನದೇ ಆದ ಮಾಡಗ್ಯಾಳ ಕುರಿಯ ಬಗೆ ಬೇರೆ. ಬಿಳಿ ಮೈ, ಕಂದು ಮಚ್ಚೆ, ಉಬ್ಬಿದ ಮೂಗು, ಇಳಿಬಿದ್ದ ಕಿವಿ, ಎತ್ತರದ ನಿಲುವು. ಮನೆಯ ಅಂಗಳದಲ್ಲಿ ನಾಲ್ಕಾರು ಮಾತ್ರ ಸಾಕಿ ಕೈಯಾರೆ ಮೇವು ಹಾಕುವವರು ಬಹಳ. ಅಂಗಳದಲ್ಲಿ ಬೆಳೆದ ಮಾಡಗ್ಯಾಳ ಕುರಿಗೆ ನಾಯಿಯ ಅಂಜಿಕೆ ಕಡಿಮೆ, ಕೂಡಿಕೊಳ್ಳುವ ಆತುರವೂ ಕಡಿಮೆ. ಅದು ತಿರುಗಿ ನಿಂತು ನೋಡುತ್ತದೆ. ಮೂರನೆಯ ಬಗೆ ಸಂತೆಯಿಂದ ಈಚೆಗೆ ತಂದು ಕೂಡಿಸಿದ ಕುರಿಗಳದು. ಅವು ಒಂದಕ್ಕೊಂದು ಪರಿಚಯವಿಲ್ಲದವು. ನಾಲ್ಕು ಕುರಿ ನಾಲ್ಕು ದಿಕ್ಕು ಹಿಡಿಯುತ್ತವೆ. ಹೊಸ ನಾಯಿಯನ್ನು ಇವುಗಳ ಮೇಲೆ ಬಿಡಲೇಬೇಡಿ. ಮೇಕೆ ಬೆರೆತ ಹಿಂಡನ್ನೂ ಸದ್ಯಕ್ಕೆ ದೂರವಿಡಿ.

ಆದ್ದರಿಂದ ನಾಯಿ ಬಿಡುವ ಮೊದಲು ಹಿಂಡಿನ ಯಜಮಾನರನ್ನು ಕೇಳಿ. "ಕಾಕಾ, ಮುಂದೆ ನಡೆಯುವ ಕುರಿ ಯಾವುದು? ತಿರುಗಿ ಬೀಳುವ ಕುರಿ ಇದೆಯೇ?" ಒಮ್ಮೆ ಉಮದಿ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ ಉತ್ತರ ಇದು: "ಮೊದಲು ನಿನ್ನ ನಾಯಿಯನ್ನು ಕೂಡಿಸು ತಮ್ಮ. ನನ್ನ ಕುರಿ ಅದನ್ನು ನೋಡಲಿ. ಅವು ಮತ್ತೆ ತಲೆ ಬಗ್ಗಿಸಿ ಮೇಯಲು ಶುರು ಮಾಡಿದ ಮೇಲೆ ಮುಂದಿನ ಮಾತು." ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೇಳಿಲ್ಲ. ನಾಯಿಯನ್ನು ಎಷ್ಟು ದೂರದಲ್ಲಿ ಕೂಡಿಸಿದಾಗ ಕುರಿಗಳ ತಲೆ ಏಳುತ್ತದೆ, ಎಷ್ಟು ಹತ್ತಿರ ಬಂದಾಗ ಕಾಲು ಕೀಳುತ್ತವೆ ಎಂದು ನೋಡಿಕೊಳ್ಳಿ. ಆ ಬೆದರುವ ಅಂತರ ಹಿಂಡಿನಿಂದ ಹಿಂಡಿಗೆ ಬೇರೆ. ಮನೆಯಲ್ಲಿ ಹತ್ತು ಹೆಜ್ಜೆ ಇದ್ದದ್ದು ಇಲ್ಲಿ ನಲವತ್ತು ಇರಬಹುದು, ಮೂರೂ ಇರಬಹುದು.

ಇನ್ನೊಂದು ಮಾತನ್ನು ಮರೆಯಬೇಡಿ. ನಮ್ಮ ಹಟ್ಟಿಗಳಲ್ಲಿ ಇರುವ ನಾಯಿಗಳು ಕುರಿ ತಿರುಗಿಸುವವಲ್ಲ, ತೋಳದಿಂದ ಕಾಯುವವು. ಅವು ನಿಮ್ಮ ನಾಯಿಯನ್ನು ಕಳ್ಳನಂತೆಯೇ ಕಾಣುತ್ತವೆ. ಎಲ್ಲವನ್ನೂ ಕಟ್ಟಿದ್ದಾರೆ ಎಂದು ಕಣ್ಣಾರೆ ಕಂಡ ಮೇಲೆಯೇ ನಿಮ್ಮದನ್ನು ಬಿಚ್ಚಿ. ಮೊದಲ ದಿನವೇ ಎರಡು ಹಟ್ಟಿನಾಯಿಗಳು ಮೇಲೆ ಬಿದ್ದರೆ ಮರಿನಾಯಿ ಆಮೇಲೆ ಹೊಸ ಹಿಂಡು ಕಂಡಾಗಲೆಲ್ಲ ಕುರಿ ಬಿಟ್ಟು ಸುತ್ತಮುತ್ತ ನೋಡುತ್ತದೆ. ಆ ಅಂಜಿಕೆ ತೆಗೆಯಲು ತಿಂಗಳುಗಳೇ ಬೇಕಾಗುತ್ತವೆ.

ಲಕ್ಷಣ: ಸುತ್ತು ಅರ್ಧಕ್ಕೇ ಮುರಿಯುತ್ತದೆ

ನಾಯಿ ಹೊರಟಿತು, ನಡುವೆ ನಿಂತಿತು, ಹಿಂದಿರುಗಿ ನಿಮ್ಮನ್ನು ನೋಡಿತು. ಅಥವಾ ನಿಮಗೂ ಕುರಿಗಳಿಗೂ ನಡುವಿನ ಗೆರೆ ದಾಟಿ ಇನ್ನೊಂದು ಬದಿಗೆ ಹಾರಿತು. ಹೆಚ್ಚಿನ ಮಾಲೀಕರು ಇಲ್ಲಿ ದನಿ ಏರಿಸುತ್ತಾರೆ. ಅದಕ್ಕೆ ಮೊದಲು ನೀವು ನಿಂತಲ್ಲೇ ಮಂಡಿಯೂರಿ, ನಾಯಿಯ ಕಣ್ಣಿನ ಮಟ್ಟಕ್ಕೆ ತಲೆ ತಂದು ನೋಡಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಜೋಳದ ಕೂಳೆ ಒಂದು ಕಾಡು. ತುಸು ಉಬ್ಬಿದ ನೆಲವಿದ್ದರೂ ಅದರಾಚೆಯ ಕುರಿ ಕಾಣಿಸುವುದಿಲ್ಲ. ನಿಮಗೆ ಕಂಡ ಕುರಿ ನಾಯಿಗೆ ಕಂಡೇ ಇರಲಿಲ್ಲ.

ಕಂಡಿಲ್ಲದಿದ್ದರೆ ಪರಿಹಾರ ಸರಳ: ಬಿಡುವ ಮೊದಲು ನಾಯಿಯೊಂದಿಗೆ ಕುರಿ ಕಾಣುವ ಜಾಗಕ್ಕೆ ನಡೆದು, ಅದರ ಕಿವಿ ನೆಟ್ಟಗಾಗಿ ನೋಟ ಒಂದೆಡೆ ನಿಂತ ಮೇಲೆ ಕಳಿಸಿ. ಮುಂದೆ ಹೋಗಿ ಕಾಣಬಹುದು ಎಂಬ ನಂಬಿಕೆಯನ್ನು ಬೆಳೆಸಲು ಮನೆಯಲ್ಲಿ ಕುರಿಗಳನ್ನು ಬದುವಿನ ಹಿಂದೆ ಬಿಟ್ಟು, ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ.

ಕಂಡಿದ್ದರೂ ನಿಂತರೆ ಕುರಿ ಹಿಡಿದಿರುವ ಮನುಷ್ಯನನ್ನು ಅನುಮಾನಿಸಿ. ಕಲಿಯುವಾಗ ಕುರಿಗಳ ಹತ್ತಿರ ನಿಂತವರು ನೀವೊಬ್ಬರೇ. ಈಗ ಅಲ್ಲಿ ಬೇರೆಯವನಿದ್ದಾನೆ. ಅವನ ಹಿಂದಿನಿಂದ ಹೋಗಬೇಕೇ, ಮುಂದಿನಿಂದಲೇ ಎಂದು ನಾಯಿಗೆ ತಿಳಿಯುವುದಿಲ್ಲ. ಗೆಳೆಯರನ್ನು ಸರದಿಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಇದು ಬೇಗ ಹೋಗುತ್ತದೆ.

ಲಕ್ಷಣ: ಎಬ್ಬಿಸುವಾಗಲೇ ಚದುರುತ್ತವೆ

ಇಲ್ಲಿ ಕಣ್ಣು ನಾಯಿಯ ಮೇಲಿರಬಾರದು, ಕುರಿಗಳ ತಲೆಯ ಮೇಲಿರಬೇಕು. ನಾಯಿ ಸುತ್ತಿನ ಮುಕ್ಕಾಲು ಭಾಗದಲ್ಲಿರುವಾಗಲೇ ತಲೆಗಳು ಎದ್ದು, ಅದು ಹಿಂದೆ ತಲುಪುವ ಮೊದಲೇ ಕುರಿ ಕಾಲು ಕಿತ್ತರೆ ಸುತ್ತು ಕಿರಿದಾಗಿದೆ; ಮೇಲಿನ ತುದಿಯಲ್ಲಿ ನಾಯಿ ಒಳಕ್ಕೆ ಕತ್ತರಿಸಿ ಬರುತ್ತಿದೆ. ಹಿಂದೆ ತಲುಪುವ ತನಕ ಕುರಿ ಶಾಂತವಾಗಿದ್ದು, ನಾಯಿ ನಡೆದು ಬಂದಾಗ ಸಿಡಿದರೆ ಸುತ್ತು ಸರಿ, ನಡಿಗೆಯ ವೇಗ ತಪ್ಪು. ಮೇಲ್ನೋಟಕ್ಕೆ ಎರಡೂ ಒಂದೇ ರೀತಿ ಚದುರುವಿಕೆ; ಮದ್ದು ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ನೀವೇ ನಾಯಿ ಮತ್ತು ಕುರಿಗಳ ನಡುವೆ ಹೋಗಿ, ಅದು ಒಳಗೆ ಬಾಗುವ ಜಾಗದಲ್ಲಿ ಎದುರು ನಿಂತು ಹೊರಕ್ಕೆ ಸರಿಸಬೇಕು. ಎರಡನೆಯದಕ್ಕೆ ದೂರದಲ್ಲೇ ನಿಲ್ಲಿಸಿ, ಕುರಿಗಳು ತಾವಾಗಿ ತಲೆ ತಿರುಗಿಸಿ ಹೆಜ್ಜೆ ಇಡಲು ಬಿಡಬೇಕು. ಕುರಿಯ ಕಣ್ಣು ತಲೆಯ ಬದಿಗಿರುವುದರಿಂದ ಹಿಂಬದಿಯ ಸಣ್ಣ ಪಟ್ಟಿಯೊಂದನ್ನು ಬಿಟ್ಟು ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ನಾಯಿ ಅಲ್ಲಿ ನಿಂತಿರುವುದೇ ಸಾಕಷ್ಟು ಒತ್ತಡ.

ಮನೆಯ ಮುದಿ ಕುರಿಗಳ ಮೇಲೆ ಈ ತಪ್ಪು ಹೊರಬೀಳದು. ತಾಯಿ ಬಿಟ್ಟ ಏಳೆಂಟು ತಿಂಗಳ ಮರಿಗಳ ಮೇಲೆ ನೋಡಿ, ಕೂಡಲೇ ಕಾಣುತ್ತದೆ.

ಲಕ್ಷಣ: ಕುರಿ ತಿರುಗಿ ನಿಂತಿತು, ನಾಯಿ ಅಲ್ಲೇ ನಿಂತುಬಿಟ್ಟಿತು

ಹೊಸ ನಾಯಿ ಜೀವಮಾನಕ್ಕೆ ಗಟ್ಟಿಯಾಗುವುದೂ ಕೆಡುವುದೂ ಇಲ್ಲೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡ ಮಾಡಗ್ಯಾಳ ಕುರಿಯೊಂದು ಹಿಂಡಿನಿಂದ ಅರ್ಧ ಹೆಜ್ಜೆ ಮುಂದೆ ಬಂದು ನಾಯಿಗೆ ಎದುರಾಗಿ ನಿಲ್ಲುತ್ತದೆ. ಮೂಗಿನ ಉಬ್ಬು ನೇರ ನಾಯಿಯ ಕಡೆಗೆ. ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿಯುತ್ತದೆ. ಕೆಂಪು ಧೂಳು ಏಳುತ್ತದೆ. ನಾಯಿ ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದು ಮುಂಗಾಲನ್ನು ಎತ್ತಿ ಹಿಡಿದು ನಿಂತಿದೆ. ಮಾಲೀಕ ದೂರದಿಂದ "ಹೋಗು, ಹೋಗು" ಎಂದು ಕೂಗುತ್ತಾನೆ. ನಾಯಿ ಒಂದು ಕ್ಷಣ ಕಣ್ಣು ಬೇರೆಡೆ ತಿರುಗಿಸುತ್ತದೆ. ಕುರಿಗೆ ಅಷ್ಟೇ ಬೇಕಾಗಿತ್ತು: ಮತ್ತೊಂದು ಹೆಜ್ಜೆ ಮುಂದೆ ಬರುತ್ತದೆ.

ಇದರ ಕಾರಣ ಬಹುಪಾಲು ತರಬೇತಿಯಲ್ಲಿದೆ. ನಾಯಿ ಚುರುಕಾಗಿದೆ ಎಂದು ಹೆದರಿ ಮಾಲೀಕ ಹೆಜ್ಜೆ ಹೆಜ್ಜೆಗೂ "ನಿಲ್ಲು" ಅಂದಿರುತ್ತಾನೆ. ಕುರಿಯ ಮುಖಕ್ಕೆ ನೇರವಾಗಿ ನಡೆಯುವ ಅವಕಾಶವನ್ನು ಅದು ಕಂಡೇ ಇರುವುದಿಲ್ಲ. ಮನೆಯ ಕುರಿ ಹೇಗೂ ತಿರುಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅದರ ಅಗತ್ಯವೂ ಬಿದ್ದಿರುವುದಿಲ್ಲ. ಎರಡನೆಯ ಕಾರಣ ಹುಟ್ಟುಗುಣ: ಕೆಲವು ನಾಯಿಗಳ ದಿಟ್ಟಿ ಬಹಳ ಗಟ್ಟಿ, ದಿಟ್ಟಿಸುತ್ತ ಅಲ್ಲೇ ಅಂಟಿಕೊಳ್ಳುತ್ತವೆ. ಇಂಥವನ್ನು ಎಡಕ್ಕೋ ಬಲಕ್ಕೋ ನಾಲ್ಕು ಹೆಜ್ಜೆ ಸರಿಸಿ ಮತ್ತೆ ಮುಂದೆ ಕರೆದರೆ ಆ ಅಂಟು ಬಿಡುತ್ತದೆ. ಅಂಜಿ ನಿಂತ ನಾಯಿ ಹಾಗೆ ಸರಿಸಿದರೆ ತಿರುಗಿ ಬರುವುದಿಲ್ಲ, ಇನ್ನೂ ದೂರ ಹೋಗುತ್ತದೆ. ಯಾವುದು ಯಾವುದೆಂದು ಹೇಳಲು ಇದೇ ಗುರುತು.

ಅಂಜಿದ ನಾಯಿಗೆ ಅಭ್ಯಾಸದ ದಿನ ನೀವು ಮಾಡಬೇಕಾದದ್ದು ಇಷ್ಟು. ಕೂಗಬೇಡಿ. ನಡೆದು ಹೋಗಿ ಅದರ ಪಕ್ಕ ನಿಲ್ಲಿ. ಇಬ್ಬರೂ ಒಂದೊಂದೇ ಹೆಜ್ಜೆ ಮುಂದಿಡಿ. ಕುರಿ ತಲೆಯನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿತೋ, ಆ ಕ್ಷಣವೇ ನಿಂತುಬಿಡಿ. ತಲೆ ತಿರುಗಿಸಿದ ಕುರಿ ಸೋತ ಕುರಿ. ಅಲ್ಲಿ ಇನ್ನೂ ಒತ್ತಿದರೆ ಅದು ಮತ್ತೆ ಎದುರಾಗುತ್ತದೆ, ಬಿಟ್ಟುಕೊಟ್ಟರೆ ಹಿಂಡಿಗೆ ಸೇರುತ್ತದೆ. ತಾನು ಮುಂದೆ ನಡೆದರೆ ಕುರಿ ತಿರುಗುತ್ತದೆ ಎಂದು ನಾಯಿ ತಿಳಿಯುವುದು ಆ ಒಂದು ಕ್ಷಣದಲ್ಲೇ. ಆಮೇಲಿನ ದಿನಗಳಲ್ಲಿ ಕುರಿಗಳನ್ನು ಬೇಲಿಯ ಮೂಲೆಯಿಂದ ಹೊರತೆಗೆಯುವ ಕೆಲಸ ಕೊಡಿ. ಮೊದಲು ಸಾಧು ಕುರಿ, ಆಮೇಲೆ ಬಿಗಿ ಕುರಿ. ಎಳೆ ಮರಿಯಿರುವ ತಾಯಿ ಕುರಿಯ ಮುಂದೆ ಮಾತ್ರ ಹೊಸ ನಾಯಿಯನ್ನು ಎಂದಿಗೂ ಬಿಡಬೇಡಿ. ಅದು ನಿಜವಾಗಿಯೂ ಗುದ್ದುತ್ತದೆ.

ಕಚ್ಚುವಿಕೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಬಹಳಷ್ಟು ಕಚ್ಚುವಿಕೆ ಈ ನಿಲುಗಡೆಯಿಂದಲೇ ಹುಟ್ಟುತ್ತದೆ. ಎಲ್ಲಿ ಕಚ್ಚಿತು, ಅದಕ್ಕೆ ಮುಂಚೆ ಏನಾಯಿತು ಎಂದು ನೋಡಿ. ನಿಂತು, ಬಾಲ ಮೇಲೆತ್ತಿ, ಪಕ್ಕಕ್ಕೆ ನೋಡಿ, ಥಟ್ಟನೆ ಪಕ್ಕೆಗೆ ಬಾಯಿ ಹಾಕಿ ಹಿಂದೆ ಹಾರಿದರೆ ಅದು ಅಂಜಿಕೆಯ ಕಚ್ಚು. ಅದಕ್ಕೆ ಶಿಕ್ಷೆ ಕೊಟ್ಟರೆ ಅಂಜಿಕೆ ಇಮ್ಮಡಿ. ಓಡುವ ಕುರಿಯನ್ನು ಅಟ್ಟಿಸಿಕೊಂಡು ಹೋಗಿ ತೊಡೆ, ಉಣ್ಣೆ ಹಿಡಿದು ಜೋತುಬಿದ್ದರೆ ಅದು ಹುರುಪು ಮೀರಿದ್ದು. ಅಲ್ಲಿ ಕಟ್ಟುನಿಟ್ಟಾಗಿ ನಿಲ್ಲಿಸಿ ಕೆಲಸವನ್ನು ಅಲ್ಲಿಗೇ ಮುಗಿಸಬೇಕು. ಮೇಲೆ ಬಿದ್ದ ಕುರಿಯ ಮೂಗಿಗೆ ಚುಟುಕಾಗಿ ಬಾಯಿ ತಾಗಿಸಿ ಕೂಡಲೇ ಬಿಟ್ಟದ್ದು ಮೂರನೆಯ ಬಗೆ. ಹೊಲದ ಕೆಲಸದಲ್ಲಿ ಅದು ತಪ್ಪೆಂದು ನಾನು ಒಪ್ಪುವುದಿಲ್ಲ. ಪಂದ್ಯದಲ್ಲಿ ಕಚ್ಚಿದ ನಾಯಿಯನ್ನು ಹೊರಗೆ ಕಳಿಸುವುದು ವಾಡಿಕೆ. ಇದನ್ನು ತೀರ್ಪುಗಾರ ಮನ್ನಿಸಬಹುದು, ಮನ್ನಿಸದಿರಬಹುದು.

ಲಕ್ಷಣ: ಕುರಿಗಳು ಒಂದೇ ಕಡೆಗೆ ಸೋರುತ್ತವೆ

ಪ್ರತಿ ಹೊಲಕ್ಕೂ ಒಂದು ಸೆಳೆತ ಇರುತ್ತದೆ. ಹಟ್ಟಿ ಇರುವ ದಿಕ್ಕು, ನೀರು, ಜಾಲಿಮರದ ನೆರಳು, ಕೆಲಸ ಮುಗಿದ ಕುರಿಗಳನ್ನು ಕೂಡಿಹಾಕಿದ ಜಾಗ. ಮನೆಯಲ್ಲಿ ಆ ಸೆಳೆತ ಎಂದೂ ಒಂದೇ ಬದಿಗೆ ಇರುವುದರಿಂದ ನಾಯಿ ಒಂದೇ ಬದಿಯನ್ನು ಕಾಯಲು ಕಲಿಯುತ್ತದೆ. ಹೊಸ ಹೊಲದಲ್ಲಿ ಸೆಳೆತ ಇನ್ನೊಂದು ಬದಿಗಿದ್ದರೆ ಸೋಲುತ್ತದೆ. ನಿಮಗಿಂತ ಮೊದಲು ಓಡಿಸುವವರ ಕುರಿಗಳು ಎತ್ತ ಜಾರುತ್ತವೆ ಎಂದು ಕೂತು ನೋಡಿದರೆ ಅರ್ಧ ಕೆಲಸ ಮುಗಿಯಿತು.

ಈ ಲಕ್ಷಣದಲ್ಲಿ ನಾಯಿಗಿಂತ ಮಾಲೀಕನ ತಪ್ಪೇ ಹೆಚ್ಚು. ಒಳ್ಳೆಯ ನಾಯಿ ಸೆಳೆತವನ್ನು ತಾನೇ ಅರಿತು, ಕುರಿಗಳ ನೇರ ಹಿಂದೆ ಇರದೆ ಆ ಬದಿಗೆ ಸರಿದು ನಡೆಯುತ್ತದೆ. ಮಾಲೀಕನಿಗೆ ಅದು ಗೆರೆ ಬಿಟ್ಟಂತೆ ಕಂಡು "ಹಿಂದೆ ಬಾ" ಎಂದು ಎಳೆಯುತ್ತಾನೆ. ನಾಯಿ ಹಿಂದೆ ಬಂದ ಮರುಗಳಿಗೆಯೇ ಕುರಿಗಳು ಖಾಲಿಯಾದ ಬದಿಯಿಂದ ಹೊರಟುಹೋಗುತ್ತವೆ. ನೇರ ಇರಬೇಕಾದದ್ದು ಕುರಿಗಳ ದಾರಿ; ನಾಯಿ ಎಲ್ಲಿದ್ದರೆ ಆ ದಾರಿ ನೇರ ಉಳಿಯುತ್ತದೋ ಅದೇ ಅದರ ಸರಿಯಾದ ಜಾಗ.

ಜತ್ತದ ಕಡೆ ಇನ್ನೊಂದು ಅಪಾಯವಿದೆ. ದ್ರಾಕ್ಷಿ, ದಾಳಿಂಬೆ ತೋಟಗಳ ನಡುವೆ ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡಗಳಿವೆ. ಅದರ ಇಳಿಜಾರಿನಲ್ಲಿ ಜಾರಿದ ಕುರಿಗೂ ನಾಯಿಗೂ ಹತ್ತಿಬರಲು ಹಿಡಿತ ಸಿಗದು. ಬೇಲಿಯಿಲ್ಲದ ಹೊಂಡ ಹೊಲದ ಹತ್ತಿರವಿದ್ದರೆ ಅಲ್ಲಿ ಹೊಸ ನಾಯಿಯನ್ನು ಬಿಡಬಾರದು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಲಕ್ಷಣ: ಮಾತೇ ಕೇಳುವುದಿಲ್ಲ

ಕುರಿ ಇಲ್ಲದ ಅಪರಿಚಿತ ಜಾಗದಲ್ಲಿ, ಸಂತೆಯ ಅಂಚಿನಲ್ಲಿ, ಬಸ್ ನಿಲ್ದಾಣದ ಹತ್ತಿರ "ನಿಲ್ಲು" ಅನ್ನಿ. ಅಲ್ಲೂ ನಿಲ್ಲದಿದ್ದರೆ ಕುರಿಗಳ ಮೇಲೆ ಹೊರಿಸಲು ಏನೂ ಇಲ್ಲ, ಆಜ್ಞೆಯೇ ಹಸಿ. ಅಲ್ಲಿ ನಿಂತು ಹೊಲದಲ್ಲಿ ನಿಲ್ಲದಿದ್ದರೆ ನಿಮ್ಮ ದನಿಯನ್ನು ಮೊಬೈಲ್‌ನಲ್ಲಿ ಹಿಡಿದು ಕೇಳಿ. ಜನರೆದುರು ದನಿ ಏರುತ್ತದೆ, ಶಿಳ್ಳೆ ಚೂಪಾಗುತ್ತದೆ, ಎರಡು ಆಜ್ಞೆಗಳ ನಡುವೆ ಉಸಿರಾಡುವಷ್ಟೂ ಬಿಡುವಿರುವುದಿಲ್ಲ. ನಾಯಿಗೆ ಅದು ಬೇರೆ ಯಾರದೋ ದನಿ.

ಪರರ ಹಿಂಡಿಗೆ ಕಾಲಿಡುವ ಮುನ್ನ

ಮೊದಲ ಹೊಸ ಹಿಂಡು ಶಾಂತವಾದ, ನಡುವಯಸ್ಸಿನ ಕುರಿಗಳದ್ದಾಗಿರಲಿ. ಹತ್ತು ಹದಿನೈದು ಇದ್ದರೆ ನಾಲ್ಕೈದು ಇದ್ದದ್ದಕ್ಕಿಂತ ಸುಲಭ, ಏಕೆಂದರೆ ದೊಡ್ಡ ಗುಂಪು ಕೂಡಿಕೊಂಡಿರುತ್ತದೆ. ಎರಡನೆಯದು ಚುರುಕಿನದು. ಬಿಗಿ ಕುರಿ ಕೊನೆಗೆ. ಪ್ರತಿ ಸಲವೂ ಕೆಲಸ ಚಿಕ್ಕದಿರಲಿ. ಒಂದು ಒಳ್ಳೆಯ ಎಬ್ಬಿಸುವಿಕೆ ಆದರೆ ನಾಯಿಯನ್ನು ಕರೆದುಕೊಂಡು ಬನ್ನಿ. ಪಂದ್ಯದಲ್ಲೇ ಆಗಲಿ, ನಾಯಿ ಅಂಜಿ ಕುಗ್ಗುತ್ತಿದೆ ಎಂದು ಕಂಡರೆ ಅಂಕದ ಆಸೆ ಬಿಟ್ಟು, ನೀವೇ ನಡೆದು ಹೋಗಿ ಜೊತೆಯಲ್ಲಿ ಕುರಿಗಳನ್ನು ಹೊರಗೆ ಒಯ್ಯಿರಿ.

ಬೇರೆಯವರ ಕುರಿ ಅವರ ಬದುಕು. ನಿಮ್ಮ ನಾಯಿ ಅಲ್ಲಿಗೆ ರೋಗ ಒಯ್ಯಬಾರದು. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆ ಹುಲ್ಲಿಗೆ ಬಿದ್ದು ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯಾದರೆ ಕುರಿ ಗಿರಗಿರನೆ ಸುತ್ತಿ ಸಾಯುತ್ತದೆ. ಇನ್ನೊಂದು ಜಾತಿಯ ಲಾಡಿಹುಳು ಮನುಷ್ಯನ ಯಕೃತ್ತು, ಶ್ವಾಸಕೋಶಗಳಲ್ಲೂ ಗುಳ್ಳೆ ಕಟ್ಟುತ್ತದೆ. ಪಶುವೈದ್ಯರಿಂದ ಪ್ರಾಜಿಕ್ವಾಂಟೆಲ್ ಇರುವ ಔಷಧಿಯನ್ನು ಮೊದಲೇ ಕೊಡಿಸಿ, ಕುರಿಯ ಹಸಿ ತಲೆ, ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದನ್ನು ನಿಲ್ಲಿಸಿ. ಕುರಿಗೆ ಹಾಕುವ ಐವರ್ಮೆಕ್ಟಿನ್ ಅನ್ನು ಕೋಲಿ ಎಂಬ ಕುರಿ ತಿರುಗಿಸುವ ತಳಿಯ ವಂಶದ ನಾಯಿಗೆ ನೀವೇ ಹಾಕಬೇಡಿ. ಆ ವಂಶದ ಕೆಲವು ನಾಯಿಗಳಲ್ಲಿ ಔಷಧಿ ಮೆದುಳಿಗೆ ಏರಿ ಜೀವಕ್ಕೇ ಕುತ್ತಾಗುತ್ತದೆ. ಅಭ್ಯಾಸಕ್ಕೆ ಕುರಿ ತರಿಸಿಕೊಳ್ಳುವುದಾದರೆ ಎರಡೂ ಹಿಂಡಿಗೆ ಹಿರೇಬೇನೆ ಮತ್ತು ಸಿಡುಬಿನ ಲಸಿಕೆ ಆಗಿದೆಯೇ, ಕಾಲುಬಾಯಿ ರೋಗ ಸುತ್ತಮುತ್ತ ಇದೆಯೇ ಎಂದು ಕೇಳಿ ತಿಳಿಯಿರಿ.

ಗಬ್ಬದ ಕುರಿಗಳನ್ನು, ಅದರಲ್ಲೂ ಐದು ತಿಂಗಳ ಗಬ್ಬದ ಕೊನೆಯ ಒಂದೂವರೆ ತಿಂಗಳಿನಲ್ಲಿ, ನಾಯಿಯ ಮುಂದೆ ಓಡಿಸಬಾರದು. ಬೇಸಿಗೆಯಲ್ಲಿ ಬೆಳಗಿನ ಎಳೆಬಿಸಿಲಿನೊಳಗೆ ಕೆಲಸ ಮುಗಿಯಬೇಕು. ನಾಯಿಯ ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದುಡಿದಾಗ ಏರುತ್ತದೆ, 41 ದಾಟಿದರೆ ಜೀವಕ್ಕೆ ಅಪಾಯ. ನಾಲಿಗೆ ಅಗಲವಾಗಿ ಜೋತುಬಿದ್ದು, ತಿರುವಿನಲ್ಲಿ ಹಿಂಗಾಲು ತೂರಾಡಿತು ಎಂದರೆ ಅದನ್ನು ಹಟವೆಂದು ತಿಳಿಯಬೇಡಿ. ಕೂಡಲೇ ನೆರಳಿಗೆ ತಂದು, ಹೊಟ್ಟೆಗೆ ತೊಡೆಸಂದಿಗೆ ತಣ್ಣೀರು ಸುರಿದು, ಗಾಳಿ ಬೀಸಿ, ಪಶುವೈದ್ಯರಿಗೆ ಫೋನ್ ಮಾಡಿ. ಕುರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನಾಯಿ ಎಷ್ಟೇ ಹುರುಪಿನಲ್ಲಿದ್ದರೂ ಆ ದಿನದ ಅಭ್ಯಾಸ ಮುಗಿಯಿತು.